ಬಸ್ಸಿನೊಳಗಿನ ಗದ್ದಲವೂ ಸಹಪ್ರಯಾಣಿಕರ ಧರ್ಮವೂ

ದೇಶದ ಮುಂದೆ ಮಹತ್ತರವಾದ ಪ್ರಶ್ನೆಗಳು ಎಷ್ಟೋ ಇರುವಾಗ, ಬಸ್ಸಿನಲ್ಲಿ ಕೇಳಿಬರುವ ಸದ್ದಿನ ಕುರಿತು ಅಗ್ರಲೇಖನವನ್ನು ಬರೆಯಬೇಕೆ ಎಂದು ಕೇಳುವ ವಾಚಕರಿರಬಹುದು. ಅವರಿಗೆ ನಮ್ಮ ಉತ್ತರ ಇಷ್ಟೇ. ಸ್ವರಾಜ್ಯವೆಂಬುದು ಶಾಸನಸಭೆಯ ಕಟ್ಟಡದೊಳಗೆ ಮಾತ್ರ ನಡೆಯತಕ್ಕ ವ್ಯವಹಾರವಲ್ಲ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಐವತ್ತು ಅರವತ್ತು ಮಂದಿ ಒಂದೇ ತಗಡಿನ ಸೂರಿನ ಕೆಳಗೆ ಒಂದೆರಡು ತಾಸುಗಳ ಕಾಲ ಕೂಡಿ ಬಾಳಬೇಕಾದಾಗ, ಪೋಲೀಸನ ಕೋಲಿಲ್ಲದೆ, ಮೇಲಧಿಕಾರಿಯ ಗದರಿಕೆಯಿಲ್ಲದೆ, ತಮ್ಮನ್ನು ತಾವೇ ಆಳಿಕೊಳ್ಳಬಲ್ಲರೆ ಎಂಬುದೇ ಸ್ವರಾಜ್ಯದ ದೈನಂದಿನ ಪರೀಕ್ಷೆ. ಈ ಪರೀಕ್ಷೆಯಲ್ಲಿ ನಾವು ಉತ್ತೀರ್ಣರಾಗುತ್ತಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ.

ಪುತ್ತೂರು, ಸುಳ್ಯ ಮತ್ತು ಪುತ್ತೂರಿನಿಂದ ಬೇರ್ಪಟ್ಟು ಇತ್ತೀಚೆಗೆ ತಾಲೂಕಾಗಿರುವ ಕಡಬ, ಈ ಮೂರು ಸೀಮೆಗಳಲ್ಲಿ ಸಂಚರಿಸುವವರಿಗೆ ನಾವು ಹೇಳುವ ಸಂಗತಿ ಹೊಸತಲ್ಲ. ಸುಳ್ಯದಿಂದ ಬೆಳಗ್ಗೆ ಹೊರಟ ಬಸ್ಸೊಂದನ್ನು ನಾವು ಈಚೆಗೆ ಏರಿದ್ದೆವು. ಪೈಚಾರು ದಾಟುವುದರೊಳಗೆ ಹಿಂದಿನ ಆಸನದ ತರುಣನ ಮೊಬೈಲಿನಲ್ಲಿ ಚಲಚ್ಚಿತ್ರಗೀತೆ ಆರಂಭವಾಯಿತು. ಜಾಲ್ಸೂರಿನಲ್ಲಿ ಏರಿದ ಗೃಹಸ್ಥರು ಅದಕ್ಕಿಂತ ಮೇಲುಸ್ಥಾಯಿಯಲ್ಲಿ ಯಾರೊಡನೆಯೋ ಅಡಕೆಯ ಧಾರಣೆಯನ್ನು ಚರ್ಚಿಸತೊಡಗಿದರು. ಕಾವು ಬರುವ ವೇಳೆಗೆ ಮೂರನೆಯವರ ಕೈಯಲ್ಲಿ ಅರೆನಿಮಿಷದ ಹಾಸ್ಯದೃಶ್ಯಗಳು ಒಂದರ ಮೇಲೊಂದು ನಗತೊಡಗಿದ್ದವು. ಕಿಟಕಿಯ ಬದಿಯಲ್ಲಿ ಕುಳಿತ ಕಾಲೇಜಿನ ಹುಡುಗಿಯೊಬ್ಬಳು ತೊಡೆಯ ಮೇಲೆ ಪುಸ್ತಕವನ್ನು ತೆರೆದಿಟ್ಟು ಎರಡು ಕಿವಿಗಳನ್ನೂ ಬೆರಳುಗಳಿಂದ ಮುಚ್ಚಿಕೊಂಡು ಓದುತ್ತಿದ್ದಳು. ಅಂದು ಅವಳಿಗೆ ಪರೀಕ್ಷೆಯಿತ್ತೆಂದು ಪಕ್ಕದವರಿಂದ ತಿಳಿಯಿತು. ಪುತ್ತೂರು ತಲುಪುವವರೆಗೆ ಒಬ್ಬರಾದರೂ ಬಾಯಿ ತೆರೆದು ‘ಸ್ವಲ್ಪ ಸಣ್ಣಗೆ ಮಾಡಿ’ ಎಂದು ಹೇಳಲಿಲ್ಲ. ನಾವೂ ಹೇಳಲಿಲ್ಲವೆಂಬುದನ್ನು ಒಪ್ಪಿಕೊಳ್ಳತಕ್ಕದ್ದು ನ್ಯಾಯ. ಈ ಲೇಖನವು ಅಂದಿನ ನಮ್ಮ ಮೌನಕ್ಕೆ ಪ್ರಾಯಶ್ಚಿತ್ತವೆಂದು ವಾಚಕರು ಭಾವಿಸಿದರೆ ನಮ್ಮ ಆಕ್ಷೇಪವಿಲ್ಲ.

ಈ ಉಪದ್ರವವನ್ನು ತಡೆಯುವುದಕ್ಕೆ ಕಾನೂನೇ ಇಲ್ಲವೆಂದು ಅನೇಕರು ತಿಳಿದಿರುವರು. ಅದು ತಪ್ಪು. 1989ರ ಕರ್ನಾಟಕ ಮೋಟಾರು ವಾಹನಗಳ ನಿಯಮಗಳು ಸಾರ್ವಜನಿಕ ವಾಹನದಲ್ಲಿ ಪ್ರಯಾಣಿಕರ ವರ್ತನೆ ಹೇಗಿರತಕ್ಕದ್ದೆಂಬುದನ್ನು ವಿಧಿಸಿವೆ. ಹಾಡಿ, ವಾದ್ಯ ನುಡಿಸಿ ಇತರರಿಗೆ ತೊಂದರೆ ಕೊಡುವುದು ಆ ನಿಯಮಗಳ ಪ್ರಕಾರ ನಿಷಿದ್ಧವೇ ಆಗಿದೆ. ನಿಯಮ ರಚಿತವಾದ ಕಾಲದಲ್ಲಿ ಮೊಬೈಲ್ ಫೋನು ನಮ್ಮ ಜನರ ಕೈಗೆ ಬಂದಿರಲಿಲ್ಲ. ಬಂದ ಮೇಲೆ ಹಳೆಯ ನಿಯಮ ಹೊಸ ಯಂತ್ರಕ್ಕೆ ಅನ್ವಯಿಸುವುದೇ ಎಂಬ ಪ್ರಶ್ನೆ ಎದ್ದಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಈ ಕುರಿತು ಅರ್ಜಿಯೊಂದು ಬಂದು, ಬಸ್ಸುಗಳಲ್ಲಿ ಮೊಬೈಲಿನ ಧ್ವನಿವರ್ಧಕದ ಮೂಲಕ ಹಾಡು ಮತ್ತು ದೃಶ್ಯಗಳನ್ನು ಜೋರಾಗಿ ಹಾಕುವುದನ್ನು ನ್ಯಾಯಾಲಯ ನಿರ್ಬಂಧಿಸಿತು. ಆ ವರ್ಷದ ನವೆಂಬರ್ ತಿಂಗಳಲ್ಲಿಯೇ ರಾಜ್ಯ ರಸ್ತೆ ಸಾರಿಗೆ ನಿಗಮವು ತನ್ನ ವಿಭಾಗಗಳಿಗೆ ಸುತ್ತೋಲೆಯನ್ನು ಕಳುಹಿತು. ನಿರ್ವಾಹಕನು ಮೊದಲು ವಿನಯದಿಂದ ಹೇಳತಕ್ಕದ್ದು. ಕೇಳದಿದ್ದರೆ ಅಂಥ ಪ್ರಯಾಣಿಕನನ್ನು ಇಳಿಸಬಹುದು. ಇಳಿಯುವವರೆಗೆ ವಾಹನವನ್ನು ನಿಲ್ಲಿಸಬಹುದು. ಇದೇ ಅದರ ತಾತ್ಪರ್ಯ.

ನಿಯಮವಿದೆ, ಆಜ್ಞೆಯಿದೆ, ಸುತ್ತೋಲೆಯಿದೆ. ಇಷ್ಟಿದ್ದೂ ಗದ್ದಲ ನಿಂತಿಲ್ಲವೇಕೆ? ನಿರ್ವಾಹಕರ ಔದಾಸೀನ್ಯವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ನಮ್ಮ ಸೀಮೆಯ ಬಸ್ಸಿನ ನಿರ್ವಾಹಕನ ಸ್ಥಿತಿಯನ್ನು ನೋಡಿರಿ. 2023ರ ಜೂನ್ 11ರಂದು ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಬಸ್ಸುಗಳಲ್ಲಿ ಜನಸಂದಣಿ ಹೆಚ್ಚಿದೆ. ಒಬ್ಬನೇ ಮನುಷ್ಯನು ಟಿಕೆಟು ಕೊಡಬೇಕು, ಚಿಲ್ಲರೆ ಹೊಂದಿಸಬೇಕು, ಬಾಗಿಲಲ್ಲಿ ನೇತಾಡುವವರನ್ನು ಒಳಗೆ ಕಳುಹಬೇಕು, ಸೀಟಿ ಊದಬೇಕು. ಇದರ ಮೇಲೆ ಗದ್ದಲ ಮಾಡುವವನೊಡನೆ ವಾದಕ್ಕೂ ನಿಂತರೆ, ಹೊತ್ತು ಮೀರಿತೆಂದು ಅವನನ್ನು ಮೊದಲು ಬಯ್ಯುವವರು ಉಳಿದ ಪ್ರಯಾಣಿಕರೇ. ಇನ್ನು ಇಳಿಸುವ ಅಧಿಕಾರವೆಂಬುದು ಕಾಗದದ ಮೇಲೆ ಎಷ್ಟು ಗಟ್ಟಿಯೋ ದಾರಿಯಲ್ಲಿ ಅಷ್ಟೇ ದುರ್ಬಲ. ಬಿಳಿನೆಲೆ ಕಳೆದು ಸುಬ್ರಹ್ಮಣ್ಯದ ಕಡೆಗೆ ಹೋಗುವ ಕಾಡುದಾರಿಯಲ್ಲಿ, ಅಥವಾ ಸಂಪಾಜೆ ಘಾಟಿಯ ತಿರುವಿನಲ್ಲಿ, ಮಳೆಗಾಲದ ಮುಸ್ಸಂಜೆ ಒಬ್ಬ ಮನುಷ್ಯನನ್ನು ಹಾಡು ಹಾಕಿದ ಅಪರಾಧಕ್ಕಾಗಿ ಇಳಿಸಿ ಹೋಗುವುದಕ್ಕೆ ಯಾವ ನಿರ್ವಾಹಕನ ಮನಸ್ಸು ಒಪ್ಪೀತು? ಒಪ್ಪದಿರುವುದೇ ಅವನ ಮನುಷ್ಯತ್ವ. ಬಳಸಲು ಮನಸ್ಸೊಪ್ಪದಷ್ಟು ದೊಡ್ಡ ಶಿಕ್ಷೆಯೊಂದನ್ನೇ ಕೈಗಿತ್ತು, ಬಳಸಬಹುದಾದ ಸಣ್ಣ ಉಪಾಯಗಳನ್ನು ಒದಗಿಸದೆ ಇರುವುದೇ ಈ ನಿಯಮದ ನ್ಯೂನತೆ.

ಸದ್ದಿನಿಂದೇನು ಮಹಾ ಹಾನಿ ಎಂಬ ಪ್ರಶ್ನೆಗೂ ಉತ್ತರ ಹೇಳತಕ್ಕದ್ದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಎಂದು ಮಿತಿಯನ್ನು ಗೊತ್ತುಮಾಡಿವೆ. ಡೆಸಿಬೆಲಿನ ಲೆಕ್ಕವು ಸೇರು ಪಾವುಗಳ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. ಬಸ್ಸಿನ ಯಂತ್ರ ತಾನೇ ಸಾಕಷ್ಟು ಗರ್ಜಿಸುತ್ತದೆ. ಅದನ್ನು ಮೀರಿ ಕೇಳಬೇಕೆಂದು ಒಬ್ಬನು ಫೋನಿನ ಧ್ವನಿಯನ್ನು ಏರಿಸುತ್ತಾನೆ. ಫೋನನ್ನು ಮೀರಿ ಕೇಳಬೇಕೆಂದು ಇನ್ನೊಬ್ಬನು ಗಂಟಲನ್ನು ಏರಿಸುತ್ತಾನೆ. ಸುತ್ತ ಸದ್ದು ಹೆಚ್ಚಿದಂತೆಲ್ಲ ಮನುಷ್ಯನು ತನಗರಿವಿಲ್ಲದೆಯೇ ತನ್ನ ದನಿಯನ್ನು ಎತ್ತರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿಯೇ ಗುರುತಿಸಿದ್ದನು. ಆದುದರಿಂದ ಬಸ್ಸಿನಲ್ಲಿ ಮೊದಲು ಧ್ವನಿಯೆತ್ತಿದವನು ಒಬ್ಬನೇ ಗದ್ದಲ ಮಾಡುವುದಲ್ಲ. ಉಳಿದವರಿಂದಲೂ ಗದ್ದಲ ಮಾಡಿಸುತ್ತಾನೆ.

ಇನ್ನೊಂದು ಸಂಗತಿಯೂ ಉಂಟು. ಪಕ್ಕದಲ್ಲಿ ಇಬ್ಬರು ಮಾತನಾಡಿದರೆ ನಮಗೆ ಅಷ್ಟಾಗಿ ಬಾಧಿಸುವುದಿಲ್ಲ, ಒಬ್ಬನೇ ಫೋನಿನಲ್ಲಿ ಮಾತನಾಡಿದರೆ ಬಾಧಿಸುತ್ತದೆ. ಇದೇಕೆಂದು ಅನೇಕರಿಗೆ ಸೋಜಿಗ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಸಂಭಾಷಣೆಯ ಒಂದು ಪಕ್ಷ ಮಾತ್ರ ಕಿವಿಗೆ ಬಿದ್ದರೆ, ಕಾಣದ ಇನ್ನೊಂದು ಪಕ್ಷವನ್ನು ಊಹಿಸುವ ಕಾರ್ಯದಲ್ಲಿ ಮನಸ್ಸು ತಾನಾಗಿಯೇ ತೊಡಗಿ, ಕೈಯಲ್ಲಿರುವ ಕೆಲಸದಿಂದ ಲಕ್ಷ್ಯ ತಪ್ಪುತ್ತದೆಂದು ಅವರು ಕಂಡುಕೊಂಡರು. ಅಂದರೆ ‘ನೀವು ಕೇಳಿಸಿಕೊಳ್ಳಬೇಡಿ’ ಎಂದು ಹೇಳುವುದು ವ್ಯರ್ಥ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ರೆಪ್ಪೆಯಿಲ್ಲ. ಬೇಡದ ದೃಶ್ಯದಿಂದ ಮುಖ ತಿರುಗಿಸಿಕೊಳ್ಳಬಹುದು. ಬೇಡದ ಶಬ್ದದಿಂದ ಓಡಿಹೋಗುವುದಕ್ಕೆ ಚಲಿಸುವ ಬಸ್ಸಿನಲ್ಲಿ ಎಡೆಯೆಲ್ಲಿ?

ಈ ಗದ್ದಲವನ್ನು ಸಹಿಸುವವರು ಯಾರೆಂಬುದನ್ನೂ ಯೋಚಿಸಬೇಕು. ಸ್ವಂತ ವಾಹನವುಳ್ಳವನಿಗೆ ಇದರ ಬಾಧೆಯಿಲ್ಲ. ಸುಳ್ಯ, ಕಡಬಗಳ ಹಳ್ಳಿಗಳಿಂದ ಮಂಗಳೂರಿನ ಆಸ್ಪತ್ರೆಗಳಿಗೆ ರೋಗಿಯನ್ನು ಕರೆದೊಯ್ಯುವ ಬಡ ಕುಟುಂಬಕ್ಕೆ ಇದರ ಬಾಧೆ. ನಸುಕಿನಲ್ಲಿ ಎದ್ದು ರಬ್ಬರು ಹಾಲು ತೆಗೆದು ಮಧ್ಯಾಹ್ನ ಪೇಟೆಗೆ ಹೊರಟು ದಾರಿಯಲ್ಲಿ ಕಣ್ಣು ಮುಚ್ಚಬೇಕೆಂದಿರುವ ಶ್ರಮಿಕನಿಗೆ ಇದರ ಬಾಧೆ. ರಾತ್ರಿಯ ಪಾಳಿಯನ್ನು ಮುಗಿಸಿ ಮನೆಗೆ ಮರಳುವ ದಾದಿಗೆ, ಹಸುಗೂಸನ್ನು ಮಲಗಿಸಲು ಹೆಣಗುವ ತಾಯಿಗೆ, ಬಸ್ಸಿನ ಒಂದು ತಾಸನ್ನೇ ಓದಿನ ಕೋಣೆಯನ್ನಾಗಿ ಮಾಡಿಕೊಂಡ ವಿದ್ಯಾರ್ಥಿಗೆ ಇದರ ಬಾಧೆ. ಎಲ್ಲಕ್ಕಿಂತ ಮಿಗಿಲಾಗಿ, ಇಕ್ಕಟ್ಟಾದ ತಿರುವುಗಳಲ್ಲಿ ಎದುರು ವಾಹನದ ಹಾರನ್ನನ್ನೂ ಹಿಂದಿನಿಂದ ಬರುವ ನಿರ್ವಾಹಕನ ಸೀಟಿಯನ್ನೂ ತಪ್ಪದೆ ಕೇಳಿಸಿಕೊಳ್ಳಬೇಕಾದ ಚಾಲಕನಿಗೆ ಇದರ ಬಾಧೆ. ಅವನ ಕಿವಿಯ ಮೇಲೆ ಎಲ್ಲರ ಪ್ರಾಣವೂ ನಿಂತಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಬಸ್ಸು ಮೌನವ್ರತದ ಮಠವಾಗಬೇಕೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಬಸ್ಸುಗಳಲ್ಲಿ ತುಳು, ಕನ್ನಡ, ಅರೆಭಾಷೆ, ಬ್ಯಾರಿ, ಹವ್ಯಕ, ಕೊಂಕಣಿ, ಮಲಯಾಳಗಳು ಒಂದೇ ಸಾಲಿನಲ್ಲಿ ಕುಳಿತು ಕ್ಷೇಮಸಮಾಚಾರ ಕೇಳುವುದು ಈ ಸೀಮೆಯ ಸೌಭಾಗ್ಯ. ಮದುವೆಯ ದಿಬ್ಬಣದ ನಗೆ, ಶಾಲೆಯ ಮಕ್ಕಳ ಕಲರವ, ಸಂತೆಯಿಂದ ಮರಳುವವರ ಹರಟೆ, ಇವು ಇಲ್ಲದ ಬಸ್ಸು ನಮ್ಮ ಬಸ್ಸಲ್ಲ. ಆದರೆ ಮುಖ ನೋಡಿ ಆಡುವ ಮಾತಿಗೂ ಯಂತ್ರದ ಕೂಗಿಗೂ ಭೇದವಿದೆ. ಮಾತನಾಡುವವನು ಪಕ್ಕದಲ್ಲಿ ಮಗು ಮಲಗಿದ್ದನ್ನು ಕಂಡರೆ ದನಿಯನ್ನು ತಾನಾಗಿ ತಗ್ಗಿಸುತ್ತಾನೆ. ಯಂತ್ರಕ್ಕೆ ಮಗುವೂ ಕಾಣದು, ರೋಗಿಯೂ ಕಾಣದು. ಆ ಕಣ್ಣು ಯಂತ್ರವನ್ನು ಹಿಡಿದವನಿಗೆ ಇರಬೇಕು.

ಈ ವಿವೇಕವನ್ನು ನಾವು ಪರದೇಶದಿಂದ ಕಡ ತರಬೇಕಾಗಿಲ್ಲ. ಜಪಾನಿನ ರೈಲುಗಳಲ್ಲಿ ಫೋನನ್ನು ನಿಶ್ಶಬ್ದವಾಗಿಟ್ಟು, ಕರೆಗಳನ್ನು ವರ್ಜಿಸುವುದು ಸಾಮಾನ್ಯ ಶಿಷ್ಟಾಚಾರವೆಂಬುದು ನಿಜ. ಅದು ಪ್ರಶಂಸನೀಯವೂ ಹೌದು. ಆದರೆ ನಮ್ಮ ಊರಿನ ತಾಳಮದ್ದಳೆಯನ್ನೇ ನೋಡಿರಿ. ಅಲ್ಲಿ ಚೆಂಡೆಯೂ ಇದೆ, ಮದ್ದಳೆಯೂ ಇದೆ, ಭಾಗವತರ ಏರುಕಂಠವೂ ಇದೆ. ಆದರೆ ಅರ್ಥಧಾರಿಯು ಮಾತನ್ನು ಎತ್ತಿಕೊಂಡೊಡನೆ ಚೆಂಡೆ ತಾನಾಗಿ ಸುಮ್ಮನಾಗುತ್ತದೆ. ಒಬ್ಬರು ಅರ್ಥ ಹೇಳುವಾಗ ಎದುರು ಪಾತ್ರಧಾರಿಯು ತನ್ನ ಸರದಿಯನ್ನು ಕಾಯುತ್ತಾನೆ. ಇರುಳಿಡೀ ನಡೆಯುವ ಕೂಟದಲ್ಲಿ ಸದ್ದಿಗೂ ಎಡೆಯುಂಟು, ಸುಮ್ಮನಿರುವುದಕ್ಕೂ ಎಡೆಯುಂಟು. ಇಂಥ ಕಲೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಜನರಿಗೆ ಬಸ್ಸಿನೊಳಗೆ ಎಲ್ಲಿ ಸದ್ದು ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಕಲಿಸಬೇಕೆ?

ಗದ್ದಲ ಮಾಡುವವರೆಲ್ಲರೂ ದುಷ್ಟರೆಂದು ನಾವು ಹೇಳುವುದಿಲ್ಲ. ಕೆಲವರು ವೃದ್ಧರು, ಕಿವಿ ಮಂದವಾಗಿರುವುದರಿಂದ ಧ್ವನಿಯನ್ನು ಏರಿಸಿಕೊಳ್ಳುತ್ತಾರೆ. ಕೆಲವರಿಗೆ ಮಕ್ಕಳು ಕಳುಹಿದ ಫೋನಿನಲ್ಲಿ ಸದ್ದನ್ನು ತಗ್ಗಿಸುವ ಗುಂಡಿ ಯಾವುದೆಂಬುದೇ ತಿಳಿಯದು. ಗುಡ್ಡಗಾಡಿನ ದಾರಿಯಲ್ಲಿ ಸಂಪರ್ಕ ಕಡಿದು ಕಡಿದು ಬರುವಾಗ, ಕೂಗಿದರೆ ಕೇಳಿಸೀತೆಂಬ ಭ್ರಮೆಯಿಂದ ಕೂಗುವವರೂ ಇದ್ದಾರೆ. ಅತ್ತ, ಬೆಲೆಯುಳ್ಳ ಟಿಕೆಟನ್ನು ಕೊಂಡು ರಾತ್ರಿಯ ಶಯನ ಬಸ್ಸನ್ನೇರಿ, ವಿದ್ಯಾವಂತರೆನಿಸಿಕೊಂಡಿದ್ದರೂ, ನಡುರಾತ್ರಿಯವರೆಗೆ ಕಚೇರಿಯ ವ್ಯವಹಾರವನ್ನು ಬಸ್ಸಿಗೆಲ್ಲ ಸಾರುವವರನ್ನೂ ನಾವು ಕಂಡಿದ್ದೇವೆ. ಆದುದರಿಂದ ಈ ದೋಷವನ್ನು ಹಳ್ಳಿಯವರ ಮೇಲೆ, ಬಡವರ ಮೇಲೆ, ತರುಣರ ಮೇಲೆ ಹೊರಿಸುವುದು ಸತ್ಯಕ್ಕೆ ದೂರ.

ಇನ್ನು ಉಪಾಯದ ವಿಚಾರ. ಮೊದಲನೆಯದು ಕೇಳುವ ಬಗೆ. ನಮ್ಮಲ್ಲಿ ಅನೇಕರು ಅರ್ಧ ದಾರಿಯವರೆಗೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದು, ತಾಳ್ಮೆ ತೀರಿದ ಮೇಲೆ ಒಮ್ಮೆಗೇ ಸಿಡಿಯುತ್ತಾರೆ. ಆಗ ಕೇಳಿಕೆಯು ಕೇಳಿಕೆಯಾಗಿ ಉಳಿಯದೆ ಜಗಳವಾಗುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆ ಬಸ್ಸಿಗೂ ಅನ್ವಯಿಸುತ್ತದೆ. ಕೋಪ ಬರುವುದಕ್ಕೆ ಮುಂಚೆಯೇ, ಮೊದಲ ಐದು ನಿಮಿಷಗಳಲ್ಲಿಯೇ, ‘ಅಣ್ಣಾ, ಒಂತೆ ಸದ್ದ್ ಕಮ್ಮಿ ಮಲ್ಪುಲೆ’ ಎಂದು ತುಳುವಿನಲ್ಲಿ ಮುಗುಳ್ನಕ್ಕು ಹೇಳಿದರೆ, ಹತ್ತರಲ್ಲಿ ಎಂಟು ಮಂದಿಯಾದರೂ ಕೇಳದೆ ಇರಲಾರರೆಂಬುದು ನಮ್ಮ ನಂಬಿಕೆ. ‘ಅಮ್ಮನವರಿಗೆ ಹುಷಾರಿಲ್ಲ’, ‘ಮಗುವಿಗೆ ನಿದ್ದೆ’ ಎಂದು ಕಾರಣವನ್ನು ಸೇರಿಸಿ ಹೇಳಿದರೆ ಕೇಳುವವನ ಮಾನವೂ ಉಳಿಯುತ್ತದೆ. ಒಬ್ಬರು ಹೇಳಿದಾಗ ಉಳಿದವರು ಕಿಟಕಿಯ ಹೊರಗೆ ನೋಡದೆ ‘ಹೌದು, ಸ್ವಲ್ಪ ಕಡಮೆ ಮಾಡಿ’ ಎಂದು ದನಿಗೂಡಿಸಬೇಕು. ಒಬ್ಬರ ಕೇಳಿಕೆ ಬೇಡಿಕೆಯಂತೆ ತೋರಬಹುದು. ನಾಲ್ವರ ಕೇಳಿಕೆ ಸಮಾಜದ ಅಭಿಪ್ರಾಯ. ಅಷ್ಟಕ್ಕೂ ಒಪ್ಪದಿದ್ದರೆ ವಿಷಯವನ್ನು ನಿರ್ವಾಹಕನಿಗೆ ಒಪ್ಪಿಸಿ ಸುಮ್ಮನಾಗತಕ್ಕದ್ದು, ಕೈಮಾಡತಕ್ಕದ್ದಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಬಸ್ಸಿನಲ್ಲಿ ಹುಟ್ಟಿದ ಸಣ್ಣ ಮಾತು ಬಸ್ಸಿನಿಂದ ಇಳಿದು ಬೀದಿಗೆ ಬಂದು, ಜಾತಿಮತಗಳ ಬಣ್ಣವನ್ನು ಬಳಿದುಕೊಂಡು ದೊಡ್ಡದಾಗುವ ದುರ್ವ್ಯಾಧಿಯನ್ನು ನಮ್ಮ ಕರಾವಳಿ ಬಲ್ಲದು. ಫೋನಿನಲ್ಲಿ ಹಾಡುತ್ತಿರುವುದು ಭಜನೆಯೋ, ನಾತೋ, ಕ್ರೈಸ್ತರ ಗೀತೆಯೋ, ಚಲಚ್ಚಿತ್ರದ ಹಾಡೋ, ನಿಯಮವು ಅದನ್ನು ನೋಡುವುದಿಲ್ಲ, ನಾವೂ ನೋಡತಕ್ಕದ್ದಲ್ಲ. ತನ್ನ ಮತದ ಹಾಡಾದರೆ ಭಕ್ತಿ, ಅನ್ಯಮತದ ಹಾಡಾದರೆ ಉಪದ್ರವ ಎನ್ನುವವನಿಗೆ ಶಬ್ದದ ಬಗೆಗೆ ದೂರುವ ಅಧಿಕಾರವೇ ಇಲ್ಲ. ಆಕ್ಷೇಪ ಸದ್ದಿನ ಮೇಲಿರಲಿ. ಮನುಷ್ಯನ ಮೇಲೆ ಬೇಡ, ಅವನ ಟೋಪಿಯ ಮೇಲೆ, ತಿಲಕದ ಮೇಲೆ ಬೇಡ. ದೂರು ನೀಡಿದವನು ಯಾರೆಂದು ನೋಡಿ ಕೇಳುವವನೂ ಕೇಳದಿರುವವನೂ ಇದೇ ತಪ್ಪನ್ನು ಮಾಡಿದಂತೆ.

ಎರಡನೆಯದು ಆಡಳಿತದವರ ಕರ್ತವ್ಯ. ಇಳಿಸುವ ಅಧಿಕಾರಕ್ಕಿಂತ ಮುಂಚೆ ತಿಳಿಸುವ ಕಾರ್ಯ ನಡೆಯಬೇಕು. ಪ್ರತಿಯೊಂದು ಬಸ್ಸಿನಲ್ಲಿಯೂ, ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ಎಲ್ಲರಿಗೂ ಕಾಣುವಂತೆ ದೊಡ್ಡ ಅಕ್ಷರಗಳಲ್ಲಿ ಕನ್ನಡದ ಫಲಕವಿರಲಿ. ಫಲಕವೊಂದಿದ್ದರೆ ದೂರುವ ಪ್ರಯಾಣಿಕನು ತನ್ನ ಸ್ವಂತದ ಜಗಳವನ್ನು ಹೂಡಿದಂತಾಗದೆ, ಬೆರಳು ತೋರಿಸಿದರೆ ಸಾಕಾಗುತ್ತದೆ. ಪುತ್ತೂರು, ಸುಳ್ಯ, ಕಡಬ, ಸುಬ್ರಹ್ಮಣ್ಯಗಳ ನಿಲ್ದಾಣಗಳಿಂದ ಬಸ್ಸು ಹೊರಡುವಾಗ ನಿರ್ವಾಹಕನು ‘ರೈಟ್’ ಹೇಳುವ ಮುಂಚೆ ‘ಮೊಬೈಲಿನ ಸದ್ದು ಬೇಡ, ಇಯರ್‌ಫೋನ್ ಹಾಕಿಕೊಳ್ಳಿ’ ಎಂದು ಒಂದು ವಾಕ್ಯವನ್ನು ಸೇರಿಸಿದರೆ ಅರ್ಧ ಕೆಲಸವಾದಂತೆ. ಎಲ್ಲರಿಗೂ ಹೇಳಿದ್ದು ಯಾರಿಗೂ ಅವಮಾನವಲ್ಲ. ಅಲ್ಲದೆ, ನಿಯಮದಂತೆ ನಡೆದ ನಿರ್ವಾಹಕನ ಬೆನ್ನಿಗೆ ಅವನ ಮೇಲಧಿಕಾರಿಗಳು ನಿಲ್ಲುವರೆಂಬ ಭರವಸೆ ಅವನಿಗಿರಬೇಕು. ಬಸ್ಸಿನ ಒಡೆಯರೇ ಧ್ವನಿಪೆಟ್ಟಿಗೆಗಳನ್ನು ಜೋಡಿಸಿ ಹಾಡು ಹಾಕುವಲ್ಲಿ, ಪ್ರಯಾಣಿಕನಿಗೆ ನಿಯಮವನ್ನು ಬೋಧಿಸುವ ಮುಖ ಅವರಿಗೆಲ್ಲಿಂದ ಬರಬೇಕು? ಮೊದಲು ತಮ್ಮ ಪೆಟ್ಟಿಗೆಯ ಸದ್ದನ್ನು ಅವರು ತಗ್ಗಿಸಲಿ.

ರೈಲಿನ ವಿಷಯದಲ್ಲಿಯೂ ಇದೇ ಮಾತು. ಕಬಕ ಪುತ್ತೂರಿನಲ್ಲಿಯೋ ಸುಬ್ರಹ್ಮಣ್ಯ ರೋಡಿನಲ್ಲಿಯೋ ರಾತ್ರಿಯ ರೈಲನ್ನೇರಿದವರು, ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರು ಘಾಟಿಯನ್ನೂ ಅದರ 57 ಸುರಂಗಗಳನ್ನೂ ನಿದ್ದೆಯಲ್ಲಿಯೇ ದಾಟಬೇಕೆಂದು ಬಯಸುವುದು ಸಹಜ. 2022ರ ಜನವರಿಯಲ್ಲಿ ರೈಲ್ವೆಯವರು ಜೋರಾಗಿ ಫೋನಿನಲ್ಲಿ ಮಾತನಾಡುವುದನ್ನೂ ಹಾಡು ಹಾಕುವುದನ್ನೂ ತಡೆಯುವಂತೆ, ರಾತ್ರಿ 10ರ ಮೇಲೆ ಗುಂಪು ಹರಟೆಯನ್ನೂ ದೀಪಗಳನ್ನೂ ಆರಿಸುವಂತೆ ತಮ್ಮ ಸಿಬ್ಬಂದಿಗೆ ಸೂಚನೆಯಿತ್ತರು. 1989ರ ರೈಲ್ವೆ ಕಾಯಿದೆಯ 145ನೆಯ ಕಲಮು ಗಾಡಿಯಲ್ಲಿ ಉಪದ್ರವ ಕೊಡುವುದನ್ನು ದಂಡನೀಯವೆಂದು ಹೇಳುತ್ತದೆ. 139ಕ್ಕೆ ಕರೆ ಮಾಡಿ ದೂರು ಕೊಡುವ ಸೌಕರ್ಯವೂ ಇದೆ. ತಿಳಿಯದ ಹಕ್ಕು ಇಲ್ಲದ ಹಕ್ಕಿಗೆ ಸಮಾನ. ವಾಚಕರು ಇದನ್ನು ನೆನಪಿನಲ್ಲಿಡಲಿ.

1902ರಲ್ಲಿ ಕಲ್ಕತ್ತೆಯಿಂದ ರಾಜಕೋಟೆಗೆ ಮೂರನೆಯ ದರ್ಜೆಯಲ್ಲಿ ಪ್ರಯಾಣ ಮಾಡಿದ ಗಾಂಧೀಜಿಯವರು, ರೈಲ್ವೆಯವರ ಅಲಕ್ಷ್ಯವನ್ನು ಎಷ್ಟು ಖಂಡಿಸಿದರೋ, ಸಹಪ್ರಯಾಣಿಕರ ಕೂಗಾಟವನ್ನೂ ಕೊಳಕನ್ನೂ ಅಷ್ಟೇ ನಿಷ್ಠುರವಾಗಿ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿರುವರು. ಪರರ ಆಳ್ವಿಕೆಯನ್ನು ಎದುರಿಸಹೊರಟ ಆ ಮಹಾಪುರುಷರು ಸ್ವಜನರ ದೋಷವನ್ನು ಮುಚ್ಚಿಡಲಿಲ್ಲ. ವಿದ್ಯಾವಂತರು ಜನರ ಜತೆಯಲ್ಲಿಯೇ ಪ್ರಯಾಣ ಮಾಡಿ ಅವರ ಅಭ್ಯಾಸಗಳನ್ನು ತಿದ್ದಬೇಕೆಂಬುದು ಅವರ ಮತವಾಗಿತ್ತು. 1934ರ ಫೆಬ್ರವರಿಯಲ್ಲಿ ಹರಿಜನಯಾತ್ರೆಯ ಕಾಲಕ್ಕೆ ಅವರು ಕೊಡಗಿನಿಂದಿಳಿದು ಪುತ್ತೂರಿಗೆ ಬಂದು ಮಂಗಳೂರಿಗೆ ತೆರಳಿದರು. ಪಕ್ಕದವನನ್ನು ತನ್ನಂತೆಯೇ ಮನುಷ್ಯನೆಂದು ಕಾಣಿರೆಂಬ ಸಂದೇಶವನ್ನು ಹೊತ್ತು ಅವರು ಸಂಚರಿಸಿದ ಸೀಮೆಯಲ್ಲಿ, ಪಕ್ಕದವನ ಕಿವಿಯನ್ನು ನಾವು ಇಲ್ಲವೆಂದು ಭಾವಿಸುವುದು ತರವಲ್ಲ.

ಒಂದು ಗುಂಡಿಯನ್ನು ಒತ್ತಿ ಸದ್ದನ್ನು ತಗ್ಗಿಸುವುದಕ್ಕೆ ಹಣ ಬೇಡ, ವಿದ್ಯೆ ಬೇಡ, ಸರ್ಕಾರದ ಮಂಜೂರಾತಿ ಬೇಡ. ಪಕ್ಕದಲ್ಲಿ ಇನ್ನೊಬ್ಬನಿದ್ದಾನೆಂಬ ನೆನಪೊಂದು ಸಾಕು. ನಾಳೆ ಬೆಳಗ್ಗೆ ಬಸ್ಸನ್ನೇರುವ ಪ್ರತಿಯೊಬ್ಬರೂ ತಮ್ಮ ಯಂತ್ರದ ಸದ್ದನ್ನು ತಗ್ಗಿಸಿಯೇ ಆಸನದಲ್ಲಿ ಕೂಡಲಿ. ತಗ್ಗಿಸಲು ಮರೆತವರಿಗೆ ಪಕ್ಕದವರು ನಗುಮುಖದಿಂದ ನೆನಪು ಮಾಡಲಿ. ನೆನಪು ಮಾಡಿದವರ ಮೇಲೆ ಯಾರೂ ಮುನಿಯದಿರಲಿ. ಕಿವಿ ಮುಚ್ಚಿಕೊಂಡು ಓದುತ್ತಿದ್ದ ಆ ಹುಡುಗಿಯು ಮುಂದಿನ ಪರೀಕ್ಷೆಗೆ ಹೋಗುವಾಗಲಾದರೂ ಎರಡೂ ಕೈಗಳಿಂದ ಪುಸ್ತಕವನ್ನು ಹಿಡಿಯುವಂತಾಗಲಿ ಎಂದು ಪುತ್ತೂರು, ಸುಳ್ಯ, ಕಡಬಗಳ ಮಹಾಜನರಲ್ಲಿ ನಮ್ಮ ಬಿನ್ನಹ.